ಬ್ರಿಟನ್ ವ್ಯಾಸಂಗ: ಆಫರ್ ಲೆಟರ್ ಕೊಟ್ಟವರು ಯಾರೆಂದು ಮೊದಲು ನೋಡಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಬೆನ್ನಿಗೇ ಶಿವಮೊಗ್ಗದ ಹೋಟೆಲುಗಳ ಸಭಾಂಗಣಗಳಲ್ಲಿ ವಿದೇಶಿ ಶಿಕ್ಷಣ ಮೇಳಗಳು ಶುರುವಾಗುತ್ತವೆ. ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳ ಶೈಕ್ಷಣಿಕ ಪುರವಣಿಗಳಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಲಾಂಛನಗಳು ಸಾಲುಗಟ್ಟಿ ನಿಲ್ಲುತ್ತವೆ. ಮೊದಲೆಲ್ಲ ಬೆಂಗಳೂರಿನವರಿಗಷ್ಟೇ ಎಂದುಕೊಂಡಿದ್ದ ಈ ದಾರಿಯನ್ನು ಈಗ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಅಡಿಕೆ ಬೆಳೆಗಾರರ ಮಕ್ಕಳೂ ಹಿಡಿಯುತ್ತಿರುವುದು ಸಂತೋಷದ ವಿಷಯವೇ. ಈ ಪುರವಣಿಗಳಲ್ಲಿ ಬರುವ ಮಾತುಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಮುಖ್ಯ ಸಂಗತಿಯನ್ನು ಅವು ಹೇಳದೆ ಬಿಡುತ್ತವೆ: ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುತ್ತಿರುವುದು ಆ ವಿಶ್ವವಿದ್ಯಾಲಯವೋ, ಅದರ ಹೆಸರಿನ ನೆರಳಿನಲ್ಲಿ ಬೇರೊಂದು ಸಂಸ್ಥೆ ನಡೆಸುವ ಪೂರ್ವಸಿದ್ಧತಾ ಕಾಲೇಜೋ ಎಂಬುದು. ಪದವಿಪೂರ್ವ ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳ ಕಾಗದಪತ್ರ ಹಿಡಿದು ಬರುವುದುಂಟು. ಆ ಅನುಭವದಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮೂರಿನ ಹುಡುಗಿಯೊಬ್ಬಳ ತಂದೆ ತಂದು ತೋರಿಸಿದ ಆಫರ್ ಲೆಟರ್ ಎರಡು ಪುಟದ್ದಾಗಿತ್ತು. ಮೊದಲ ಪುಟದ ನೆತ್ತಿಯ ಮೇಲೆ ಹೆಸರಾಂತ ವಿಶ್ವವಿದ್ಯಾಲಯವೊಂದರ ಲಾಂಛನವಿತ್ತು. ಅದರ ಕೆಳಗೆ ಸಹಯೋಗದ ಒಂದು ಸಾಲು. ಎರಡನೆಯ ಪುಟದ ಅಡಿಯಲ್ಲಿ, ಕನ್ನಡಕ ಸರಿಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಪತ್ರ ಕೊಟ್ಟ ಕಾಲೇಜಿನ ಹೆಸರೂ ಅದನ್ನು ನಡೆಸುವ ಖಾಸಗಿ ಕಂಪನಿಯ ನೋಂದಣಿ ಸಂಖ್ಯೆಯೂ ಇದ್ದವು. ಪದವಿಗೆ ಮೊದಲಿನ ಪೂರ್ವಸಿದ್ಧತಾ ಓದಾದ ಒಂದು ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಒಟ್ಟು ಶೇ 60 ಮತ್ತು ಗಣಿತದಲ್ಲಿ ಶೇ 65 ಅಂಕ ಬಂದರೆ ಮಾತ್ರ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವಿಗೆ ಪರಿಗಣಿಸಲಾಗುವುದು ಎಂಬ ಷರತ್ತು ಅದರ ಮೇಲಿನ ಪ್ಯಾರಾದಲ್ಲಿತ್ತು. ಮನೆಯವರು ಮಾತ್ರ ಮಗಳಿಗೆ ಆ ವಿಶ್ವವಿದ್ಯಾಲಯದಲ್ಲೇ ಸೀಟು ಸಿಕ್ಕಿತೆಂದು ನೆಂಟರಿಷ್ಟರಿಗೆಲ್ಲ ಹೇಳಿಯಾಗಿತ್ತು. ಪಿಯುಸಿ ವಿಜ್ಞಾನದಲ್ಲಿ ಆಕೆಗೆ ಶೇ 88 ಬಂದಿತ್ತು. ಅದೇ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಭಾರತದ ವಿದ್ಯಾರ್ಥಿಗಳಿಗೆಂದೇ ಇರುವ ಪುಟವನ್ನು ತೆರೆದು ನೋಡಿದಾಗ, ಅಷ್ಟು ಅಂಕಕ್ಕೆ ಪದವಿಯ ಮೊದಲ ವರ್ಷಕ್ಕೇ ನೇರ ಪ್ರವೇಶ ಕೇಳಬಹುದಿತ್ತು ಎಂಬುದು ಗೊತ್ತಾಯಿತು. ಅರ್ಜಿ ಹಾಕಿಸಿದ ಕನ್ಸಲ್ಟೆನ್ಸಿಯವರು ಆ ಪುಟವನ್ನು ತೋರಿಸಿರಲೇ ಇಲ್ಲ.

ಫೌಂಡೇಶನ್ ಕೋರ್ಸೇ ಮೋಸವೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನಲ್ಲಿ ಮಕ್ಕಳು 13 ವರ್ಷ ಶಾಲೆ ಓದಿ, ಕೊನೆಯ ಎರಡು ವರ್ಷಗಳಲ್ಲಿ ಮೂರ್ನಾಲ್ಕು ವಿಷಯಗಳನ್ನಷ್ಟೇ ಆಳವಾಗಿ ಕಲಿತು ಎ ಲೆವೆಲ್ ಪರೀಕ್ಷೆ ಬರೆಯುತ್ತಾರೆ. ಅಲ್ಲಿನ ಪದವಿ ಮೂರೇ ವರ್ಷದ್ದಾಗಿರುವುದು ಈ ಕಾರಣಕ್ಕೆ. ನಮ್ಮ 12 ವರ್ಷದ ಓದಿಗೂ ಅವರ 13 ವರ್ಷದ ಓದಿಗೂ ನಡುವಿನ ಅಂತರ ತುಂಬಲು ಈ ಕೋರ್ಸುಗಳು ಹುಟ್ಟಿಕೊಂಡವು. ಅಂಕ ಕಡಿಮೆ ಬಂದವರಿಗೆ, ವಾಣಿಜ್ಯ ಓದಿ ವಿನ್ಯಾಸ ಕಲಿಯಲು ಹೊರಟವರಿಗೆ, ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸವಿಲ್ಲದವರಿಗೆ ಇವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಕೆಲವು ವಿಶ್ವವಿದ್ಯಾಲಯಗಳು ತಾವೇ ಇದನ್ನು ನಡೆಸುತ್ತವೆ, ಇನ್ನು ಹಲವು ವಿಶ್ವವಿದ್ಯಾಲಯಗಳು ಕ್ಯಾಪ್ಲನ್, ಇನ್‌ಟು, ಸ್ಟಡಿ ಗ್ರೂಪ್, ನ್ಯಾವಿಟಾಸ್‌ನಂಥ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ತಮ್ಮ ಆವರಣದಲ್ಲೋ ಹತ್ತಿರದಲ್ಲೋ ಪಾಥ್‌ವೇ ಎಂದು ಕರೆಯುವ ಪೂರ್ವಸಿದ್ಧತಾ ಕಾಲೇಜು ತೆರೆಸಿವೆ. ನನ್ನ ತಕರಾರು ಇರುವುದು ಬೇಡದವರಿಗೂ ಅದನ್ನು ಕಟ್ಟುವುದರ ಬಗ್ಗೆ. ಆ ಒಂದು ವರ್ಷಕ್ಕೆ ಹಲವೆಡೆ 20 ಸಾವಿರ ಪೌಂಡ್ ಆಸುಪಾಸಿನ ಶುಲ್ಕವಿದೆ, ಊಟ ವಸತಿಯ ಖರ್ಚು ಬೇರೆ.

ನಾಲ್ಕು ವರ್ಷ ಕಳೆಯಲು ಸಿದ್ಧರಿರುವವರಿಗೆ ಇನ್ನೊಂದು ದಾರಿ ಇದೆ; ಅದನ್ನು ಮೇಳಗಳಲ್ಲಿ ಪ್ರಸ್ತಾಪಿಸಿದ್ದನ್ನು ನಾನು ಕೇಳಿಲ್ಲ. ಸ್ಕಾಟ್ಲೆಂಡಿನ ಆನರ್ಸ್ ಪದವಿಯೇ ನಾಲ್ಕು ವರ್ಷದ್ದು. ಅಲ್ಲಿನ ಮಕ್ಕಳು ಬೇಗ ಶಾಲೆ ಮುಗಿಸುವುದರಿಂದ ಮೊದಲ ವರ್ಷದ ಪಾಠವೂ ಅದಕ್ಕೆ ತಕ್ಕಂತಿರುತ್ತದೆ, ನಮ್ಮ ಹನ್ನೆರಡನೆಯ ತರಗತಿಯ ನಂತರ ನೇರವಾಗಿ ಹೊಂದಿಕೊಳ್ಳುತ್ತದೆ. ಫೌಂಡೇಶನ್ನಿನ ಒಂದು ವರ್ಷ, ಇಂಗ್ಲೆಂಡಿನ ಪದವಿಯ ಮೂರು ವರ್ಷ ಎಂದು ಲೆಕ್ಕ ಹಾಕುವವರು ಅಷ್ಟೇ ಕಾಲದಲ್ಲಿ ಗ್ಲಾಸ್ಗೋ, ಅಬರ್ಡೀನ್, ಎಡಿನ್‌ಬರೋದಂಥ ಕಡೆ ಮೊದಲ ದಿನದಿಂದಲೇ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಓದಬಹುದೇ ಎಂದು ವಿಚಾರಿಸುವುದು ಒಳ್ಳೆಯದು. ರಾಜ್ಯ ಮಂಡಳಿಯ ಪಿಯುಸಿಗೆ ಸಿಬಿಎಸ್‌ಇಗಿಂತ ಹೆಚ್ಚು ಅಂಕ ಕೇಳುವ ವಿಶ್ವವಿದ್ಯಾಲಯಗಳೂ ಇವೆ. ಒಂದೊಂದು ಕಡೆ ಒಂದೊಂದು ಲೆಕ್ಕವಾದ್ದರಿಂದ ಪ್ರತಿಯೊಂದರ ಭಾರತದ ಪುಟವನ್ನೂ ಓದದೆ ವಿಧಿಯಿಲ್ಲ.

ಬೇಡದ ಫೌಂಡೇಶನ್ ತಲೆಗೆ ಬೀಳಲು ಮುಖ್ಯ ಕಾರಣ ನಮ್ಮ ಕ್ಯಾಲೆಂಡರೇ. ಬ್ರಿಟನ್ನಿನಲ್ಲಿ ಪದವಿಗೆ ಅರ್ಜಿ ಹೋಗುವುದು ಯೂಕ್ಯಾಸ್ ಎಂಬ ಒಂದೇ ಕೇಂದ್ರದ ಮೂಲಕ. ಒಂದೇ ಅರ್ಜಿಯಲ್ಲಿ ಐದು ಆಯ್ಕೆ ಬರೆಯಬಹುದು, ಶುಲ್ಕ ಸುಮಾರು 30 ಪೌಂಡ್, ಯಾವ ಏಜೆಂಟರ ಹಂಗೂ ಬೇಕಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ವೈದ್ಯಕೀಯಕ್ಕೆ ಅಕ್ಟೋಬರ್ ಮಧ್ಯದಲ್ಲೂ ಉಳಿದ ಬಹುತೇಕ ಕೋರ್ಸುಗಳಿಗೆ ಜನವರಿಯಲ್ಲೂ ಗಡುವು ಇರುತ್ತದೆ. ಅಂದರೆ ನಮ್ಮ ಮಕ್ಕಳು ಇನ್ನೂ ದ್ವಿತೀಯ ಪಿಯು ತರಗತಿಯಲ್ಲಿ ಕೂತಿರುವಾಗಲೇ, ಬರಬಹುದಾದ ಅಂಕದ ಅಂದಾಜನ್ನೂ ಅಧ್ಯಾಪಕರ ಶಿಫಾರಸು ಪತ್ರವನ್ನೂ ಇಟ್ಟುಕೊಂಡು ಅರ್ಜಿ ಹಾಕಬೇಕು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಫಲಿತಾಂಶ ಬಂದ ಮೇಲೆ ಯೋಚನೆ ಶುರುವಾಗುತ್ತದೆ. ಜನವರಿಯ ನಂತರವೂ ಸೀಟು ಇರುವ ಕೋರ್ಸುಗಳಿಗೆ ಜೂನ್ 30ರವರೆಗೆ ಅರ್ಜಿ ಹಾಕಬಹುದು, ಜುಲೈನಿಂದ ಉಳಿದ ಸೀಟುಗಳಿಗೆ ಕ್ಲಿಯರಿಂಗ್ ಎಂಬ ವ್ಯವಸ್ಥೆಯೂ ಇದೆ ಎಂಬುದನ್ನು ಯಾರೂ ಹೇಳುವುದಿಲ್ಲ. 'ಗಡುವು ಮುಗಿದುಹೋಯಿತು, ಈಗ ಫೌಂಡೇಶನ್ ಒಂದೇ ದಾರಿ' ಎಂಬ ಮಾತಿಗೆ ಪೋಷಕರು ತಲೆಯಾಡಿಸುತ್ತಾರೆ. ಅಂದಾಜು ಅಂಕದ ಪತ್ರ ಕೇಳಿದರೆ 'ಪರೀಕ್ಷೆಗೆ ಮೊದಲು ಅಂಕ ಕೊಡುವುದು ಹೇಗೆ?' ಎಂದು ಮಕ್ಕಳನ್ನು ವಾಪಸು ಕಳಿಸುವ ಪ್ರಾಂಶುಪಾಲರನ್ನು ನಾನು ಬಲ್ಲೆ. ಅವರ ತಪ್ಪೇನಿಲ್ಲ, ಇಲಾಖೆಯಿಂದ ಅಂಥದೊಂದು ನಮೂನೆಯೇ ಬಂದಿಲ್ಲ.

ಕನ್ಸಲ್ಟೆನ್ಸಿಗಳು 'ನಮ್ಮದು ಉಚಿತ ಸೇವೆ' ಎಂದು ಬೋರ್ಡು ಹಾಕುವುದರ ಹಿಂದಿನ ಲೆಕ್ಕ ಸರಳ: ವಿದ್ಯಾರ್ಥಿ ಸೇರಿದರೆ ಅವನ ಶುಲ್ಕದ ಒಂದು ಪಾಲು ಆ ವಿಶ್ವವಿದ್ಯಾಲಯದಿಂದಲೋ ಕಾಲೇಜಿನಿಂದಲೋ ಕಮಿಷನ್ ರೂಪದಲ್ಲಿ ಇವರಿಗೆ ಬರುತ್ತದೆ. ಮಂಡಿಯವರಿಗೆ ಕಮಿಷನ್ ಕೊಟ್ಟು ಅಡಿಕೆ ಮಾರುವ ನಮ್ಮ ಜನಕ್ಕೆ ಇದರಲ್ಲಿ ಹೊಸದೇನೂ ಇಲ್ಲ; ವ್ಯತ್ಯಾಸವೆಂದರೆ ಮಂಡಿಯ ಪಟ್ಟಿಯಲ್ಲಿ ಕಮಿಷನ್ ಎಷ್ಟೆಂದು ಬರೆದಿರುತ್ತದೆ. ತಮಗೆ ಒಪ್ಪಂದವಿಲ್ಲದ ವಿಶ್ವವಿದ್ಯಾಲಯದ ಹೆಸರನ್ನು ಅವರು ತಾವಾಗಿ ಎತ್ತುವುದಿಲ್ಲ. ಬ್ರಿಟಿಷ್ ಕೌನ್ಸಿಲ್ ಏಜೆಂಟರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತದೆ. ಅದು ಇದೆಯೇ, ಯಾವ ಯಾವ ಸಂಸ್ಥೆಗಳೊಂದಿಗೆ ಒಪ್ಪಂದವಿದೆ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಪಾಥ್‌ವೇ ಕಾಲೇಜು ಸೇರುವವರಿಗೆ ವೀಸಾ ನಿಯಮಗಳೂ ಬೇರೆ. ಪದವಿ ಮಟ್ಟದ ಕೋರ್ಸಾದರೆ ಇಂಗ್ಲಿಷ್ ಮಟ್ಟವನ್ನು ವಿಶ್ವವಿದ್ಯಾಲಯವೇ ನಿರ್ಧರಿಸಬಹುದು, ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುವವರೂ ಇದ್ದಾರೆ. ಪದವಿಗಿಂತ ಕೆಳಗಿನ ಕೋರ್ಸಾದರೆ ವೀಸಾಕ್ಕೆಂದೇ ಮಾನ್ಯವಾದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಬರೆಯಬೇಕು. ಪದವಿ ವಿದ್ಯಾರ್ಥಿ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದಾದರೆ ಫೌಂಡೇಶನ್ ವಿದ್ಯಾರ್ಥಿಗೆ ಸಿಗುವುದು 10 ಗಂಟೆ ಮಾತ್ರ. ಪಾರ್ಟ್‌ಟೈಮ್ ದುಡಿದು ಖರ್ಚು ನಿಭಾಯಿಸುತ್ತೇನೆಂದು ಹೊರಟ ಹುಡುಗನ ಲೆಕ್ಕ ಅಲ್ಲೇ ಅರ್ಧಕ್ಕಿಳಿಯುತ್ತದೆ. ಪ್ರತ್ಯೇಕ ಕಾಲೇಜಿನಲ್ಲಿ ಫೌಂಡೇಶನ್ ಮುಗಿಸಿದವರು ಪದವಿಗೆ ಹೋಗುವಾಗ ಸಾಮಾನ್ಯವಾಗಿ ವೀಸಾಕ್ಕೆ ಇನ್ನೊಮ್ಮೆ ಅರ್ಜಿ ಹಾಕಬೇಕು. ವರ್ಷಕ್ಕೆ 776 ಪೌಂಡ್ ಲೆಕ್ಕದ ಆರೋಗ್ಯ ಶುಲ್ಕವನ್ನು ಮುಂದಿನ ವರ್ಷಗಳಿಗೆಂದು ಆಗ ತುಂಬಬೇಕು. ಓದಿನ ನಂತರ ಅಲ್ಲೇ ಇದ್ದು ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷದ ಅವಕಾಶ 2027ರ ಜನವರಿ 1ರಿಂದ ಸಲ್ಲುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಯುತ್ತದೆ. ಈಗ ಪದವಿಗೆ ಸೇರುವವರೆಲ್ಲ ಹೊಸ ನಿಯಮದಡಿಯೇ ಬರುತ್ತಾರೆ, ಆದರೂ ಮೇಳಗಳ ಕರಪತ್ರದಲ್ಲಿ ಎರಡು ವರ್ಷವೆಂದೇ ಇದೆ.

ಹಣದ ವಿಷಯದಲ್ಲಿ ಮಲೆನಾಡಿನ ಕುಟುಂಬಗಳು ಎಡವುವುದು ಮೊತ್ತಕ್ಕಿಂತ ಕಾಗದದಲ್ಲಿ. ಈಗಿನ ನಿಯಮದಂತೆ ಮೊದಲ ವರ್ಷದ ಬಾಕಿ ಶುಲ್ಕದ ಜೊತೆಗೆ ಜೀವನವೆಚ್ಚಕ್ಕೆಂದು ಲಂಡನ್ನಿನಲ್ಲಾದರೆ ತಿಂಗಳಿಗೆ 1,529 ಪೌಂಡ್, ಹೊರಗಾದರೆ 1,171 ಪೌಂಡ್‌ನಂತೆ ಒಂಬತ್ತು ತಿಂಗಳ ಹಣವನ್ನು ತೋರಿಸಬೇಕು. ಲಂಡನ್ನಿನ ಹೊರಗೆ ಓದುವವರಿಗೂ ಇದು 10,539 ಪೌಂಡ್, ಅಂದರೆ 12 ಲಕ್ಷ ರೂಪಾಯಿ ದಾಟುತ್ತದೆ. ಈ ಹಣ 28 ದಿನ ಸತತವಾಗಿ ಖಾತೆಯಲ್ಲಿರಬೇಕು, ನಡುವೆ ಒಂದೇ ಒಂದು ದಿನ ಕಡಿಮೆಯಾದರೂ ವೀಸಾ ತಿರಸ್ಕೃತವಾಗಬಹುದು. ಖಾತೆ ವಿದ್ಯಾರ್ಥಿಯದ್ದೋ ತಂದೆತಾಯಿಯದ್ದೋ ಕಾನೂನುಬದ್ಧ ಪಾಲಕರದ್ದೋ ಆಗಿರಬೇಕು. ನಮ್ಮಲ್ಲಿ ತೋಟ ಅಜ್ಜನ ಹೆಸರಿನಲ್ಲಿ, ಅಡಿಕೆ ಮಾರಿದ ದುಡ್ಡು ದೊಡ್ಡಪ್ಪನ ಖಾತೆಯಲ್ಲಿ ಇರುವುದು ಮಾಮೂಲು. ದೊಡ್ಡಪ್ಪ ಎಷ್ಟೇ ಪ್ರೀತಿಯಿಂದ ಪತ್ರ ಬರೆದುಕೊಟ್ಟರೂ ವೀಸಾ ಅಧಿಕಾರಿ ಅದನ್ನು ಒಪ್ಪುವುದಿಲ್ಲ. ಹಣ ಮೊದಲೇ ತಂದೆಯ ಖಾತೆಗೆ ಬಂದು 28 ದಿನ ಕೂತಿರಬೇಕು. ಸಾಲ ಮಾಡುವುದಾದರೂ, ಸಾಲ ತೀರದಿದ್ದಾಗ ಅಡವಿಟ್ಟ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆಯೇ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸದ ಕಾರಣ ಬ್ಯಾಂಕುಗಳು ತೋಟವನ್ನು ಅಡಮಾನ ಹಿಡಿಯಲು ಹಿಂದೇಟು ಹಾಕುತ್ತವೆ, ಪೇಟೆಯಲ್ಲಿ ಮನೆ ಅಥವಾ ಸೈಟು ಕೇಳುತ್ತವೆ. ಹತ್ತು ಎಕರೆ ತೋಟವಿದ್ದವರ ಮಗನಿಗೆ ಸಾಲ ಸಿಗದೆ, ಶಿವಮೊಗ್ಗದಲ್ಲಿ ಒಂದು ಮನೆಯಿದ್ದವರ ಮಗನಿಗೆ ಸಿಗುವುದು ಹೀಗೆ. ಎಲೆಚುಕ್ಕೆ ರೋಗದಿಂದ ಫಸಲು ಕೈಕೊಡುತ್ತಿರುವ ಈ ದಿನಗಳಲ್ಲಂತೂ ಈ ಲೆಕ್ಕವನ್ನು ವಿಶ್ವವಿದ್ಯಾಲಯ ಆರಿಸುವ ಮೊದಲೇ ಹಾಕಿಕೊಳ್ಳಬೇಕು.

ಸ್ನಾತಕೋತ್ತರಕ್ಕೆ ಹೋಗುವವರ ಕಷ್ಟ ಬೇರೆಯದು, ಅದಕ್ಕೆ ಇನ್ನೊಂದು ಪತ್ರವೇ ಬೇಕು. ಒಂದು ಮಾತು ಮಾತ್ರ ಹೇಳುತ್ತೇನೆ: ದೂರದ ಊರಿನ ವಿಶ್ವವಿದ್ಯಾಲಯಗಳು ಲಂಡನ್ನಿನಲ್ಲಿ ಬಾಡಿಗೆ ಕಟ್ಟಡದಲ್ಲಿ ಶಾಖೆ ತೆರೆದಿರುವುದುಂಟು. ರ‍್ಯಾಂಕಿಂಗ್ ಮೂಲ ಆವರಣದ್ದು, ತರಗತಿ ಶಾಖೆಯದ್ದು, ಖರ್ಚು ಲಂಡನ್ನಿನದ್ದು. ಯಾವ ಆವರಣದಲ್ಲಿ ಪಾಠ ನಡೆಯುತ್ತದೆಂದು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ವಿದೇಶಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳಲು ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಬ್ರಿಟಿಷ್ ಸರ್ಕಾರವೇ ತನ್ನ ಜಾಲತಾಣದಲ್ಲಿ ಇಟ್ಟಿದೆ, ಇಂಗ್ಲೆಂಡಿನ ಮಟ್ಟಿಗೆ ಆಫೀಸ್ ಫಾರ್ ಸ್ಟೂಡೆಂಟ್ಸ್ ಎಂಬ ನಿಯಂತ್ರಣ ಸಂಸ್ಥೆಯ ಪಟ್ಟಿಯೂ ಇದೆ, ಎರಡೂ ಉಚಿತ. 2012ರ ಆಗಸ್ಟ್‌ನಲ್ಲಿ ಲಂಡನ್ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದ ಪರವಾನಗಿಯನ್ನೇ ರದ್ದುಪಡಿಸಿದಾಗ ಎರಡು ಸಾವಿರಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳು ಅತಂತ್ರರಾಗಿದ್ದರು. ಮರುವರ್ಷ ಅದು ಮರಳಿ ಸಿಕ್ಕಿತೆನ್ನುವುದು ನಿಜವಾದರೂ, ಹೆಸರಿನಲ್ಲಿ ವಿಶ್ವವಿದ್ಯಾಲಯ ಎಂದಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯ ಬೆಂಗಳೂರಿನಲ್ಲೇ ಆವರಣ ತೆರೆಯಲು ಯುಜಿಸಿ ಒಪ್ಪಿಗೆ ಪಡೆದಿರುವುದನ್ನೂ ಪೋಷಕರು ಗಮನದಲ್ಲಿಟ್ಟುಕೊಳ್ಳಬಹುದು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಶೈಕ್ಷಣಿಕ ಪುರವಣಿಯಲ್ಲಿ ಹಣ ಪಡೆದು ಹಾಕುವ ಬರಹಗಳ ಮೇಲೆ ಜಾಹೀರಾತು ಎಂದು ಕಣ್ಣಿಗೆ ಕಾಣುವಂತೆ ಮುದ್ರಿಸಬೇಕು. ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಅಂದಾಜು ಅಂಕ ಮತ್ತು ಶಿಫಾರಸು ಪತ್ರಕ್ಕೆ ಒಂದು ನಮೂನೆ ಸಿದ್ಧಪಡಿಸಿ ಜಿಲ್ಲೆಯ ಎಲ್ಲ ಕಾಲೇಜುಗಳಿಗೆ ಕಳಿಸಬೇಕು. ಯೂಕ್ಯಾಸ್ ಗಡುವುಗಳನ್ನೂ ವೀಸಾ ನಿಯಮಗಳನ್ನೂ ಕನ್ನಡದಲ್ಲಿ ಒಂದು ಪುಟದಷ್ಟು ಪ್ರಕಟಿಸುವುದಾದರೆ ಏಪ್ರಿಲ್‌ವರೆಗೆ ಕಾಯದೆ ಸೆಪ್ಟೆಂಬರ್‌ನಲ್ಲೇ ಪ್ರಕಟಿಸಿ. ಆಗ ಜನವರಿಯ ಗಡುವಿಗೆ ಮೊದಲು ಮಕ್ಕಳ ಕೈಯಲ್ಲಿ ಮೂರು ತಿಂಗಳಿಗೂ ಹೆಚ್ಚು ಸಮಯ ಉಳಿದಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ತೀರ್ಥಹಳ್ಳಿ