ತೈಪೆಯಲ್ಲಿರುವ ಪುಟ್ಟಿಗೆ

ಸಾಗರ,
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿದ್ದಳು. ನೀನು ಚೀನೀ ಭಾಷೆ ಕಲಿಯಲು ಹೋಗಿ ಎಂಟು ದಿನ ಆಯಿತು, ನಾಲ್ಕು ಮಾತಾಡಿ ಫೋನ್ ಇಟ್ಟುಬಿಡುತ್ತೀಯಂತೆ. "ಕ್ಲಾಸಲ್ಲಿ ಬಾಯೇ ಬರಲ್ಲ ಅಮ್ಮ, ಎಲ್ಲರೂ ನನ್ನ ದಡ್ಡಿ ಅಂದ್ಕೊಂಡಿದಾರೆ" ಅಂದೆಯಂತೆ. ಅದನ್ನು ಕೇಳಿ ನನಗೆ ಸುಮ್ಮನಿರಲು ಆಗಲಿಲ್ಲ.

ಪುಟ್ಟಿ, 2006ರಲ್ಲಿ ನಾನೂ ಅದೇ ಊರಲ್ಲಿ ಹಾಗೇ ಕೂತಿದ್ದೆ. ಮೊದಲ ದಿನವೇ ನನ್ನಿಂದಲೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಇನ್ನು ಚೀನೀ ಭಾಷೆ ಬಿಟ್ಟು ಬೇರೆ ಮಾತಾಡುವುದಿಲ್ಲ ಅಂತ. ಬರುತ್ತಿದ್ದುದು ಇಪ್ಪತ್ತು ಮಾತು. ಊರಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದವನು ನಾನು. ಅಲ್ಲಿ ನೀರು ಕೇಳುವುದಕ್ಕೂ ಎರಡು ನಿಮಿಷ ಯೋಚಿಸಬೇಕಿತ್ತು. ಆ ಸಂಕಟ ನನಗೆ ಗೊತ್ತು. ನೀನು ದಡ್ಡಿಯಲ್ಲ. ಭಾಷೆ ಇನ್ನೂ ಬಂದಿಲ್ಲ, ಅಷ್ಟೇ.

ಒಂದು ಮಾತು ಕೇಳುತ್ತೇನೆ. ಚೀನೀ ಶಬ್ದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಇಂಗ್ಲಿಷಿನ ಹಾಗೇ ಓದುತ್ತಿದ್ದೀಯಾ? ಮೊದಲ ತಿಂಗಳು ನಾನು ಮಾಡಿದ ತಪ್ಪು ಅದೇ. ಆ ಬರಹದಲ್ಲಿ, ಅಂದರೆ ಪಿನ್ಯಿನ್‌ನಲ್ಲಿ, ಊರಿನ ಹೆಸರು Taibei, ನಡುವೆ 'ಬಿ' ಇದೆ. ಬಾಯಲ್ಲಿ ಅದು 'ಬ' ಅಲ್ಲ, ನಮ್ಮ 'ಪ'. ಮೊದಲಿನ 'ಟಿ' ನಮ್ಮ 'ಥ'. ನಾವು ತೈಪೆ ಅನ್ನುತ್ತೇವೆ, ಅಲ್ಲಿಯವರು ಅನ್ನುವುದು ಥೈಪೇ. ಪೂರಾ ಭಾಷೆಯಲ್ಲಿ ಹೀಗೇ. ಅಲ್ಪಪ್ರಾಣ, ಮಹಾಪ್ರಾಣ ಅಂತ ಮೂರನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದೆಯಲ್ಲ, ಅದೇ. 'ತೂತ್ಸ' ಅಂದರೆ ಹೊಟ್ಟೆ, 'ಥೂತ್ಸ' ಅಂದರೆ ಮೊಲ. 'ಕೊವ್' ನಾಯಿ, 'ಖೊವ್' ಬಾಯಿ. ನಿನ್ನ ಕ್ಲಾಸಿನ ಅಮೆರಿಕದ ಹುಡುಗರಿಗೆ ಇದು ಹೊಸದು, ನಿನಗಲ್ಲ. ಮಾತಿನಲ್ಲಿ ನಮ್ಮ ಮಹಾಪ್ರಾಣ ಸವೆದುಹೋಗಿದೆ, ನಿಜ. ಮೇಷ್ಟ್ರು ಕಲಿಸಿದ್ದು ಎಲ್ಲೋ ಒಳಗೆ ಇದ್ದೇ ಇದೆ, ಹೊರಗೆ ತೆಗೆ. ಶ ಮತ್ತು ಷ ಕೂಡ ಹಾಗೇ. ಇಲ್ಲಿ ನಾವು ಎರಡನ್ನೂ ಒಂದೇ ಥರ ಅನ್ನುತ್ತೇವೆ. ಅಲ್ಲಿ ಅವು ಬೇರೆ ಬೇರೆ, ಬದಲಾದರೆ ಅರ್ಥವೇ ಬೇರೆ. ನೋಟ್‌ಬುಕ್ಕಿನಲ್ಲಿ ಪ್ರತಿ ಶಬ್ದದ ಪಕ್ಕ ಕನ್ನಡದಲ್ಲಿ ಬರೆದುಕೋ.

ಚೀನೀ ಭಾಷೆಯ ನಾಲ್ಕು ಸ್ವರಗಳ ಏರಿಳಿತಕ್ಕೆ ಹೆದರಬೇಡ. ನಿನ್ನಜ್ಜಿ 'ಹಾಂ' ಅನ್ನುತ್ತಿದ್ದುದು ನೆನಪಿದೆಯಾ? ಕಿವಿ ಕೇಳದೆ "ಹಾಂ?" ಅಂದರೆ ದನಿ ಮೇಲೆ ಹೋಗುತ್ತಿತ್ತು. ಅದು ಎರಡನೇ ಸ್ವರ. ಒಪ್ಪಿ "ಹಾಂ!" ಅಂದರೆ ಥಟ್ಟನೆ ಕೆಳಗೆ. ಅದು ನಾಲ್ಕನೆಯದು. ಶ್ರುತಿ ಪೆಟ್ಟಿಗೆಯ ಹಾಗೆ ಮೇಲೆ ಒಂದೇ ಸಮ ನಿಂತರೆ ಮೊದಲನೆಯದು. ಮನಸ್ಸಿಲ್ಲದೆ ಗಂಟಲಲ್ಲೇ ತಗ್ಗಿಸಿ ಎಳೆದರೆ ಮೂರನೆಯದು. ನನಗೆ ಈ ಮೂರನೆಯದೇ ಕಷ್ಟವಾಗಿದ್ದು. ಷೀತಾ ವಿಶ್ವವಿದ್ಯಾಲಯದ ಹತ್ತಿರ ಒಂದು ಹಣ್ಣಿನ ಅಂಗಡಿ ಇತ್ತು. ಪೇರಳೆ ಕೊಳ್ಳಲು ಹೋಗಿ 'ಮಾಯ್' ಅಂದೆ. ತಗ್ಗಿಸಿ ಅಂದರೆ ಕೊಳ್ಳುವುದು, ಮೇಲಿಂದ ಇಳಿಸಿದರೆ ಮಾರುವುದು. ನಾನು ಇಳಿಸಿಬಿಟ್ಟೆ. ಅಂಗಡಿಯ ಅಜ್ಜಿ ನಗಲಿಲ್ಲ. ಕೈಯನ್ನು ಕೆಳಗೆ ಇಳಿಸಿ, ಮತ್ತೆ ಸ್ವಲ್ಪ ಮೇಲೆತ್ತಿ, ನಾಲ್ಕು ಸಲ ಹೇಳಿಸಿದರು. ಆಮೇಲೆ ದಿನವೂ ಅಲ್ಲಿಗೇ ಹೋದೆ. ಹಸಿವಿಲ್ಲದ ದಿನವೂ ಹೋದೆ. ಅವರ ಮುಂದೆ ತಪ್ಪು ಮಾತಾಡಲು ನನಗೆ ನಾಚಿಕೆ ಆಗುತ್ತಿರಲಿಲ್ಲ. ನೀನೂ ಅಂಥ ಒಬ್ಬರನ್ನು ಹುಡುಕಿಕೋ. ಅವರು ಕ್ಲಾಸಿನ ಹೊರಗಿನವರಾಗಿರಲಿ. ಗೊತ್ತಾಗದಿದ್ದರೆ ಮೊಬೈಲ್ ತೆಗೆಯಬೇಡ, ಇನ್ನೊಂದು ಸಲ ಹೇಳಿ ಅಂತ ಕೇಳು.

ಅಕ್ಷರದ ವಿಷಯ. ರಾತ್ರಿ ಎರಡರವರೆಗೆ ಕೂತು ಬರೆಯುತ್ತೀಯಂತೆ. ಬೇಡ ಮಗಳೇ. ಒಂದೊಂದನ್ನೂ ಚಿತ್ರದ ಹಾಗೆ ನೆನಪಿಟ್ಟುಕೊಳ್ಳಲು ಹೋದರೆ ತಲೆ ಕೆಡುತ್ತದೆ. ಬಿಡಿಸಿ ನೋಡು. ನದಿ, ಕೆರೆ, ಸಮುದ್ರ, ಸಾರು, ಹೆಂಡ, ಇವೆಲ್ಲದರಲ್ಲೂ ಎಡಕ್ಕೆ ಮೂರು ಹನಿ ನೀರಿದೆ. ಎಷ್ಟೋ ಅಕ್ಷರಗಳಲ್ಲಿ ಒಂದು ಭಾಗ ಅರ್ಥ ಹೇಳಿದರೆ ಇನ್ನೊಂದು ಭಾಗ ಉಚ್ಚಾರ ಸೂಚಿಸುತ್ತದೆ. ತೈವಾನಿನಲ್ಲಿ ಹಳೆಯ ಪೂರ್ತಿ ಅಕ್ಷರಗಳೇ ಇವೆ, ಚೀನಾದಲ್ಲಿ 1956ರಿಂದ ಸರಳ ಮಾಡಿಕೊಂಡರು. ಗೆರೆ ಜಾಸ್ತಿ ಅಂತ ಬೇಜಾರು ಮಾಡಿಕೊಳ್ಳಬೇಡ. ಪೂರ್ತಿ ಅಕ್ಷರದಲ್ಲಿ ಆ ಭಾಗಗಳು ಚೆನ್ನಾಗಿ ಕಾಣುತ್ತವೆ.

ಊಟಕ್ಕೆ 'ವೋ ಛ ಸೂ' ಅನ್ನು, ನಾನು ಸಸ್ಯಾಹಾರಿ ಅಂತ. ಬೌದ್ಧರ ಹೋಟೆಲುಗಳ ಬೋರ್ಡಿನ ಮೇಲೆ ಎಷ್ಟೋ ಕಡೆ ಸ್ವಸ್ತಿಕ ಇರುತ್ತದೆ, ನಮ್ಮದಕ್ಕೆ ತಿರುವಾಗಿ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಹಾಕುವುದಿಲ್ಲ. ಕೆಲವು ಕಡೆ ತಟ್ಟೆಗೆ ಹಾಕಿಕೊಂಡದ್ದನ್ನು ತೂಕ ಮಾಡಿ ದುಡ್ಡು ತಗೊಳ್ಳುತ್ತಾರೆ. ರೂಮಿನಲ್ಲಿ ಬರೀ ಬಿಸ್ಕತ್ತು ತಿಂದು ಮಲಗಬೇಡ.

ಅಮ್ಮನ ಜೊತೆ ಮಾತಾಡುವಾಗ ಮಾತ್ರ ಆ ಸಹಿಯನ್ನು ಮನಸ್ಸಿಗೆ ತಂದುಕೊಳ್ಳಬೇಡ. ಹೊಟ್ಟೆ ತುಂಬ ಕನ್ನಡ ಮಾತಾಡು. ನಿನ್ನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನೀನು ರಾತ್ರಿ ಹತ್ತಕ್ಕೆ ಮಾಡಿದರೆ ಇಲ್ಲಿ ಏಳೂವರೆ. ಆಗ ಅವಳಿಗೂ ಬಿಡುವು.

ಇನ್ನೊಂದು. ನಾನು, ನಿನ್ನ ದೊಡ್ಡಪ್ಪ, ಚಿಕ್ಕಪ್ಪ, ಇಂಗ್ಲಿಷಿಗೆ ಮೂವರೂ ಅಂಕಲ್. ಅಲ್ಲಿ ಹಾಗಲ್ಲ. ದೊಡ್ಡಪ್ಪ ಪೋಪೋ, ಚಿಕ್ಕಪ್ಪ ಷೂಷೂ, ತಾಯಿಯ ಅಣ್ಣತಮ್ಮಂದಿರು ಚ್ಯೋಚ್ಯೋ. ಮೊದಲ ಸಲ ಇದನ್ನು ಕಲಿತಾಗ ಯಾರದೋ ಮನೆಯಲ್ಲಿ ನಮ್ಮ ಜಗಲಿ ಕಂಡ ಹಾಗಾಗಿತ್ತು. ನಾಳೆ ಕ್ಲಾಸಲ್ಲಿ ಮನೆಯವರ ಬಗ್ಗೆ ಕೇಳಿದರೆ ಎದ್ದು ನಿಂತು ಇವರನ್ನೆಲ್ಲ ಹೇಳು.

ಆ ಹಣ್ಣಿನ ಅಂಗಡಿ ಈಗ ಇದೆಯೋ ಇಲ್ಲವೋ. ಒಂದು ಸಂಜೆ ಆ ಕಡೆ ನಡೆದು ನೋಡು. ಪೇರಳೆಗೆ ಅವರು 'ಪಾಲೆ' ಅನ್ನುತ್ತಾರೆ, ಉಪ್ಪುಖಾರದ ಬದಲು ಹುಳಿಸಿಹಿ ಪ್ಲಮ್ ಪುಡಿ ಉದುರಿಸಿ ಕೊಡುತ್ತಾರೆ. ತಿಂದು ಹೇಗಿತ್ತು ಅಂತ ನನಗೆ ಬರೆ.

ನಿನ್ನ ಚ್ಯೋಚ್ಯೋ