ಇಲ್ಲದ ಸೆರಗು ಹಿಡಿದವರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಹಳದಿ ಸ್ವೆಟರಿನ ಆಣೆಗೂ ಹೇಳುತ್ತೇನೆ, ಈ ಸಲದ ವಾರ್ಷಿಕೋತ್ಸವದಲ್ಲಿ ನಾಟಕ ಕೆಡಲಿಲ್ಲ. ಅದೇ ಈಗ ನನ್ನ ಚಿಂತೆ.

ಇಲ್ಲದ ಬಟ್ಟೆಯನ್ನು ತೊಟ್ಟವನಂತೆ ಮೆರವಣಿಗೆ ಹೊರಟ ಬತ್ತಲೆ ರಾಜನ ಕಥೆಯನ್ನು ನಮ್ಮ ಸೇಡಂ ಕಡೆಯ ಹುಡುಗರಿಂದ ಆಡಿಸಿದೆ. ರಾಜ ಬನಿಯನ್-ಪೈಜಾಮದಲ್ಲಿ ಎದೆಯುಬ್ಬಿಸಿ ನಡೆದರೆ, ಅವನ ಹಿಂದೆ ಇಲ್ಲದ ಸೆರಗನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದ ಐದನೇ ತರಗತಿಯ ಚಿಕ್ಕವನು, ಎಲ್ಲಿ ಅದನ್ನು ತುಳಿದುಬಿಡುವೆನೋ ಎಂಬಂತೆ ಕಾಲು ನೋಡಿ ನೋಡಿ ಇಡುತ್ತಿದ್ದ. ಅದು ನಾನು ಹೇಳಿಕೊಟ್ಟದ್ದಲ್ಲ.

ಅಧಿಕಾರದಲ್ಲಿರುವವರಿಗೆ ಚುಚ್ಚಲೆಂದೇ ಆ ಕಥೆಯನ್ನು ಆರಿಸಿದ್ದೆ. ಆದರೆ ನಾವೇ ಶಾಲು ಹೊದಿಸಿ, ರುಮಾಲು ಸುತ್ತಿ ಕೂರಿಸಿದ್ದ ಮುಖ್ಯ ಅತಿಥಿಗಳೇ ಎಲ್ಲರಿಗಿಂತ ಹೆಚ್ಚು ನಕ್ಕರು. "ಭಾಳ ಛಲೋ ಮಾಡಿಸೀರಿ ಸರ, ಆ ಮಂದಿಗೆ ಹಿಂಗೇ ಆಗಬೇಕು" ಎಂದು ಬೆನ್ನು ತಟ್ಟಿದರು. ಎದುರು ಪಕ್ಷದವರು ಕುಳಿತಿದ್ದರೂ ಇದನ್ನೇ ಹೇಳುತ್ತಿದ್ದರು. ಹೆಸರಿಲ್ಲದ ರಾಜನಿಗೆ ಪ್ರತಿಯೊಬ್ಬರೂ ತಮಗಾಗದವರ ಮುಖವನ್ನು ಅಂಟಿಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ.

ಡೆನ್ಮಾರ್ಕಿನ ಕಥೆಗಾರ ಆ್ಯಂಡರ್ಸನ್ ಈ ಕಥೆಯನ್ನು 1837ರಲ್ಲಿ ಪ್ರಕಟಿಸಿದಾಗ, ರಾಜನ ಮೈಮೇಲೆ ಏನೂ ಇಲ್ಲವೆಂಬ ಹುಡುಗನ ಆ ಪ್ರಸಿದ್ಧ ಕೂಗು ಸೇರಿದ್ದೇ ಕರಡಚ್ಚಿನ ಹಂತದಲ್ಲಿ. ಹಸ್ತಪ್ರತಿಯಲ್ಲಿ ಎಲ್ಲರೂ ಬಟ್ಟೆಯನ್ನು ಹೊಗಳುವಲ್ಲಿಗೇ ಕಥೆ ಮುಗಿದಿತ್ತು. ಕೂಗು ಸೇರಿದ ಮೇಲಾದರೂ ಮೆರವಣಿಗೆ ನಿಂತಿತೇ? ಜನರ ಮಾತು ನಿಜವೆಂದು ತೋರಿದರೂ ರಾಜ ಇನ್ನಷ್ಟು ಬಿಗಿದುಕೊಂಡು ನಡೆಯುತ್ತಾನೆ, ಸೇವಕರು ಸೆರಗು ಬಿಡುವುದಿಲ್ಲ. ಇದಕ್ಕೂ ಹಳೆಯದಾದ, ಸ್ಪೇನಿನ ಡಾನ್ ಹುವಾನ್ ಮಾನುವೆಲ್ 1335ರಲ್ಲಿ ಬರೆದು ಮುಗಿಸಿದ ಕೃತಿಯಲ್ಲಿ, ಅಪ್ಪನೆಂದು ತಿಳಿದವನಿಗೇ ಹುಟ್ಟಿರದವರಿಗೆ ಆ ಬಟ್ಟೆ ಕಾಣದು. ಅಲ್ಲಿ ಬಾಯಿ ಬಿಡುವವನು ಮಗುವಲ್ಲ, ಕಳೆದುಕೊಳ್ಳಲು ಏನೂ ಇಲ್ಲದ, ರಾಜನ ಕುದುರೆ ಕಾಯುವ ಕಪ್ಪು ಆಳು. ಆ್ಯಂಡರ್ಸನ್‌ನಲ್ಲಾದರೆ ಬಟ್ಟೆ ಕಾಣದವನು ದಡ್ಡ, ಇಲ್ಲವೇ ತನ್ನ ಹುದ್ದೆಗೆ ಅನರ್ಹ.

ಹುದ್ದೆ ಎಂದಾಗ ಹೇಳಿಬಿಡುತ್ತೇನೆ. ಆ ಕೈ ಬೆನ್ನ ಮೇಲೆ ಬಿದ್ದಾಗ ನನಗೆ ಹೊಳೆದದ್ದು ನಾಟಕದ ಗತಿಯಲ್ಲ; ಸಾಹೇಬರು ಖುಷಿಯಲ್ಲಿದ್ದಾರೆ, ಕಲಬುರಗಿಗೆ ವರ್ಗಾವಣೆಯ ಮಾತನ್ನು ಈಗಲೇ ಕಿವಿಗೆ ಹಾಕಬಹುದು ಎಂಬುದು. ಅರ್ಜಿಯ ಜೆರಾಕ್ಸ್ ಪ್ರತಿ ಬೆಳಿಗ್ಗೆಯಿಂದಲೇ ಕಿಸೆಯಲ್ಲಿತ್ತು, ಗೆಳೆಯಾ. ರಾಜನನ್ನು ಅಷ್ಟು ದೂರದಿಂದ ಕರೆತಂದದ್ದು ಕಲೆಗಾಗಿಯೋ, ಇಲ್ಲಿನ ಯಾರ ಹೆಸರನ್ನೂ ಎತ್ತದೆ ಪಾರಾಗಲೆಂದೋ, ಯೋಚಿಸಿದಷ್ಟೂ ನಿದ್ದೆ ಕೆಡುತ್ತಿದೆ.

ಇದನ್ನು ನಿನಗೊಬ್ಬನಿಗೇ ಬರೆಯಬೇಕಿತ್ತು, ಊರೆಲ್ಲ ಓದುವಲ್ಲಿ ಬರೆದೆ. ಅರ್ಜಿ ಕೊಡಲಿಲ್ಲ ಬಿಡು. ಧೈರ್ಯದಿಂದಲ್ಲ, ಕಾರಿನ ಸುತ್ತ ನನಗಿಂತ ಹಿರಿಯ ಮಾಸ್ತರರ ಸಾಲೇ ನಿಂತಿತ್ತು. ಓದುಗರಲ್ಲಿ ಇಲಾಖೆಯವರಿದ್ದರೆ ದಯವಿಟ್ಟು ಗಮನಿಸಬೇಕು: ಕಥೆ ಡೆನ್ಮಾರ್ಕಿನದು, ಅರ್ಜಿಯಲ್ಲಿ ಕಾಣಿಸಿದ ಮಂಡಿನೋವು ಮಾತ್ರ ನನ್ನದೇ.

ನಿನ್ನ,
ಮಾಸ್ತರ