ಕೆಲಸ ಬಿಟ್ಟು ಬರಬೇಡ, ರಜೆ ಹಾಕಿ ಬಾ

ಪುಟ್ಟೀ,

ನಿನ್ನ ಮೆಸೇಜ್ ಓದಿದೆ. ಒಂದು ವರ್ಷ ಕೆಲಸ ಬಿಟ್ಟು ಬಂದು ಅಜ್ಜಿಯನ್ನು ನೋಡಿಕೊಳ್ಳುತ್ತೇನೆ ಅಂದಿದ್ದೀಯ. ನಿಮ್ಮಮ್ಮನಿಗೂ ತೋರಿಸಿದೆ. ‘ಬೇಡ ಅಂತ ಬರೆಯಿರಿ, ಆದರೆ ಅವಳಿಗೆ ಬೇಜಾರಾಗದ ಹಾಗೆ ಬರೆಯಿರಿ’ ಅಂದಳು. ಫೋನಿನಲ್ಲಿ ಹೇಳಿದರೆ ನೀನು ನನಗೆ ಮಾತಾಡೋಕೇ ಬಿಡುವುದಿಲ್ಲ. ಅದಕ್ಕೇ ಈ ಪತ್ರ.

ಬೇಡ ಅನ್ನೋದಕ್ಕೆ ಕಾರಣ ಇಷ್ಟೇ. ಇದು ಒಂದು ವರ್ಷಕ್ಕೆ ಮುಗಿಯುವ ಕಾಯಿಲೆ ಅಲ್ಲ. ಆಲ್ಝೈಮರ್ ಅನ್ನೋ ಈ ಮರೆವಿನ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಜನ ಸಾಮಾನ್ಯವಾಗಿ 4ರಿಂದ 8 ವರ್ಷ ಇರುತ್ತಾರೆ. 20 ವರ್ಷ ಬದುಕಿದವರೂ ಇದ್ದಾರೆ. ನೀನು ಮೊದಲ ವರ್ಷವೇ ಇದ್ದ ಶಕ್ತಿಯನ್ನೆಲ್ಲ ಸುರಿದು, ಕೆಲಸವನ್ನೂ ಕಳೆದುಕೊಂಡು, ಕೊನೆಗೆ ಅಜ್ಜಿ ಮೇಲೇ ಸಿಟ್ಟಾಗುವ ಹಾಗಾದರೆ ಯಾರಿಗೆ ಲಾಭ? ಈ ಮನೆಯಲ್ಲಿ ಯಾರೂ ಪೂರ್ತಿ ಸೋತು ಕೂರಬಾರದು. ಎಲ್ಲರೂ ಸ್ವಲ್ಪ ಸ್ವಲ್ಪ ಹೊರಬೇಕು. ನಿನ್ನ ಪಾಲಿನದು ಏನು ಅಂತ ಆಮೇಲೆ ಹೇಳುತ್ತೇನೆ. ಮೊದಲು ಅಜ್ಜಿ ಈಗ ಹೇಗಿದ್ದಾರೆ ಕೇಳು. ಹೋದ ಸಲ ನೀನು ನೋಡಿದ ಹಾಗಿಲ್ಲ.

ಕೇಳಿದ್ದನ್ನೇ ಕೇಳುತ್ತಾರೆ. ‘ಈಗಷ್ಟೇ ಹೇಳಿದೆನಲ್ಲ’ ಅನ್ನೋದು ನಾಲಿಗೆ ತುದಿಗೆ ಬರುತ್ತದೆ. ಅಂದು ಪ್ರಯೋಜನ ಇಲ್ಲ. ಹೊಸ ವಿಷಯ ನೆನಪಿನಲ್ಲಿ ನಿಲ್ಲಬೇಕಾದರೆ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅನ್ನೋ ಭಾಗ ಚೆನ್ನಾಗಿರಬೇಕು. ಆಲ್ಝೈಮರ್ ಶುರುವಿನಲ್ಲೇ ಕೈಹಾಕುವುದು ಅಲ್ಲಿಗೆ. ಹಾಗಾಗಿ ನಾವು ಈಗ ಹೇಳಿದ್ದು ಅವರೊಳಗೆ ನಿಲ್ಲುವುದೇ ಇಲ್ಲ. ಅವರ ಮಟ್ಟಿಗೆ ಪ್ರತಿ ಸಲವೂ ಮೊದಲನೇ ಸಲ. ಹಳೆಯದು ಮಾತ್ರ ಇನ್ನೂ ಗಟ್ಟಿ. ಚಿಕ್ಕಂದಿನಲ್ಲಿ ಕಲಿತ ಪದ್ಯವನ್ನು ಒಂದು ಸಾಲೂ ಬಿಡದೆ ಹೇಳುತ್ತಾರೆ, ಊಟ ಆಯಿತಾ ಅಂದರೆ ಗೊತ್ತಿಲ್ಲ.

ಈಗ ನಿನಗೆ ಮುಖ್ಯವಾದ ಒಂದು ಮಾತು. ಬಂದ ತಕ್ಷಣ ‘ಅಜ್ಜೀ, ನಾನು ಯಾರು ಹೇಳಿ ನೋಡೋಣ?’ ಅಂತ ಕೇಳಬೇಡ. ಮನೆಗೆ ಬರುವವರೆಲ್ಲ ಇದನ್ನೇ ಮಾಡುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಅಜ್ಜಿಗೆ ಅದು ಪರೀಕ್ಷೆ. ಉತ್ತರ ಹೊಳೆಯದಿದ್ದಾಗ ಅವರ ಮುಖ ನೋಡೋಕಾಗುವುದಿಲ್ಲ. ಪ್ರಶ್ನೆ ಕೇಳೋದು ಡಾಕ್ಟರ ಕೆಲಸ, ನಮ್ಮದಲ್ಲ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಅಲೋಯಿಸ್ ಆಲ್ಝೈಮರ್ ಅನ್ನೋ ಡಾಕ್ಟರು 51 ವರ್ಷದ ಒಬ್ಬ ಹೆಂಗಸಿಗೆ ‘ನಿಮ್ಮ ಹೆಸರೇನು’ ಅಂತ ಕೇಳಿದರು. ‘ಆಗುಸ್ಟೆ’ ಅಂದಳು. ‘ಗಂಡನ ಹೆಸರು?’ ಅದಕ್ಕೂ ‘ಆಗುಸ್ಟೆ’ ಅಂದಳು. ಆಕೆ ತೀರಿಕೊಂಡ ಮೇಲೆ, 1906ರಲ್ಲಿ, ಆಕೆಯ ಮಿದುಳಿನಲ್ಲಿ ಕಂಡದ್ದನ್ನು ಆತ ಬೇರೆ ಡಾಕ್ಟರುಗಳ ಮುಂದಿಟ್ಟ. ಆ ಪ್ರಶ್ನೆಗಳಿಂದ ಜಗತ್ತಿಗೆ ಉಪಯೋಗ ಆಯಿತು. ನಮ್ಮ ಪ್ರಶ್ನೆಗಳಿಂದ ಯಾರಿಗೂ ಏನೂ ಆಗುವುದಿಲ್ಲ.

ಎದುರಿಗೆ ಬಂದು, ಅವರ ಕಣ್ಣಿಗೆ ಬೀಳುವ ಹಾಗೆ ಕೂತು, ‘ಅಜ್ಜೀ, ನಾನು ಪುಟ್ಟಿ, ನಿಮ್ಮ ಮೊಮ್ಮಗಳು’ ಅಂತ ನೀನೇ ಹೇಳಿಬಿಡು. ಆಗಲೂ ನಿನ್ನನ್ನು ಅತ್ತೆ ಹೆಸರಿನಲ್ಲಿ ಕರೆಯಬಹುದು. ಕರೆಯಲಿ ಬಿಡು. ತಿದ್ದಬೇಡ. ಕೈ ಹಿಡಿದುಕೊಂಡರೆ ಸಾಕು.

ಹೇಗೂ ಮರೆತುಹೋಗುತ್ತಾರೆ, ಬಂದೇನು ಉಪಯೋಗ ಅಂತ ನಿನಗೆ ಅನ್ನಿಸಬಹುದು. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಆಲ್ಝೈಮರ್ ಇದ್ದವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕು ತೋರಿಸಿದ್ದರು. ನೋಡಿದ್ದು ಏನು ಅನ್ನೋದು ಸ್ವಲ್ಪ ಹೊತ್ತಿಗೇ ಮರೆತುಹೋಯಿತು. ಆದರೆ ಆ ದುಃಖ, ಆ ಖುಷಿ ಆಮೇಲೂ ಉಳಿದಿತ್ತು. ಇದನ್ನು ನಾನು ಮನೆಯಲ್ಲೇ ದಿನಾ ನೋಡುತ್ತೇನೆ. ಬೆಳಿಗ್ಗೆ ಯಾರಾದರೂ ಗದರಿದರೆ ಮಧ್ಯಾಹ್ನದವರೆಗೂ ಮಂಕಾಗಿರುತ್ತಾರೆ. ಯಾಕೆ ಅಂತ ಅವರಿಗೂ ಗೊತ್ತಿರುವುದಿಲ್ಲ.

ತಾತನ ವಿಷಯ. ‘ಅವರು ಇನ್ನೂ ಬಂದಿಲ್ವಾ’ ಅಂತ ಕೇಳುತ್ತಿರುತ್ತಾರೆ. ಚಿಕ್ಕಪ್ಪನಿಗೆ ಸುಳ್ಳು ಹೇಳೋದು ಇಷ್ಟ ಇಲ್ಲ. ‘ಅಪ್ಪ ತೀರಿಕೊಂಡು ಎಷ್ಟು ವರ್ಷ ಆಯಿತಮ್ಮಾ’ ಅಂದುಬಿಟ್ಟ. ಅಜ್ಜಿ ಆ ಸುದ್ದಿಯನ್ನು ಆಗಲೇ ಕೇಳಿದವರ ಹಾಗೆ ಅತ್ತರು. ನಿಜ ಹೇಳಬೇಕು, ಒಪ್ಪುತ್ತೇನೆ. ಆದರೆ ಒಬ್ಬರಿಗೆ ಅದೇ ಸಾವನ್ನು ವಾರವಿಡೀ ಹೊಸದಾಗಿ ಹೇಳುತ್ತಾ ಇರುವುದು ನನ್ನ ಪ್ರಕಾರ ಸತ್ಯಸಂಧತೆ ಅಲ್ಲ, ಹಿಂಸೆ. ನಾನು ಸುಳ್ಳೂ ಹೇಳುವುದಿಲ್ಲ. ‘ಅಪ್ಪ ನೆನಪಾದರಾ? ಅವರ ಸಿಟ್ಟಿಗೆ ನೀನೂ ಹೆದರುತ್ತಿದ್ದೆಯಾ?’ ಅಂತ ಕೇಳುತ್ತೇನೆ. ಅಲ್ಲಿಂದ ಮಾತು ತಾತನ ಕಡೆಗೇ ತಿರುಗುತ್ತದೆ. ನಗುತ್ತಾರೆ ಕೂಡ.

ಸಂಜೆ ಆದರೆ ಚಡಪಡಿಕೆ ಜಾಸ್ತಿ. ತಮ್ಮ ಮನೆಯಲ್ಲೇ ಕೂತು ‘ಮನೆಗೆ ಹೋಗಬೇಕು’ ಅನ್ನುತ್ತಾರೆ. ಮರೆವಿನ ಕಾಯಿಲೆ ಇರುವ ಎಷ್ಟೋ ಜನರಿಗೆ ಹೀಗಾಗುತ್ತದಂತೆ. ‘ಇದೇ ನಿನ್ನ ಮನೆ’ ಅಂತ ವಾದ ಮಾಡಿ ಗೆದ್ದವರು ಯಾರೂ ಇಲ್ಲ. ಕತ್ತಲಾಗುವ ಮೊದಲೇ ಲೈಟು ಹಾಕಿಬಿಡುತ್ತೇವೆ. ಜೋರಾಗಿ ಟಿವಿ ಇಡುವುದಿಲ್ಲ. ತೀರಾ ಹಟ ಹಿಡಿದರೆ ನಾನೇ ಚಪ್ಪಲಿ ಹಾಕಿಸಿ ಹೊರಗೆ ಒಂದು ಸುತ್ತು ಕರೆದುಕೊಂಡು ಹೋಗಿ ಬರುತ್ತೇನೆ. ವಾಪಸ್ ಬಂದಾಗ ‘ಅಬ್ಬಾ, ಮನೆ ಬಂತು’ ಅನ್ನುತ್ತಾರೆ.

ಇನ್ನು ನಿಮ್ಮಮ್ಮನ ಪಾಡು. ಅಜ್ಜಿಯ ಪರ್ಸು ಕಾಣದಿದ್ದರೆ ಕದ್ದವಳು ನಿಮ್ಮಮ್ಮ. ಯಾವಾಗಲೂ ನಿಮ್ಮಮ್ಮನೇ. ಹತ್ತಿರ ಇದ್ದು ಎಲ್ಲ ಮಾಡುವವರ ಮೇಲೆಯೇ ಅನುಮಾನ ಬರುವುದು, ದೂರ ಇರುವವರು ದೇವರು. ಅಜ್ಜಿ ತಾವೇ ಎಲ್ಲೋ ಇಟ್ಟಿರುತ್ತಾರೆ. ಇಟ್ಟದ್ದು ನೆನಪಿಲ್ಲ ಅಂದಮೇಲೆ ಅವರ ಲೆಕ್ಕದಲ್ಲಿ ಕಳ್ಳತನವೇ ಆಗಿರಬೇಕು ಅಲ್ವಾ? ಈಗ ಅಂಥದ್ದೇ ಇನ್ನೊಂದು ಪರ್ಸು ತಂದಿಟ್ಟಿದ್ದೇವೆ. ‘ಬನ್ನಿ, ಇಬ್ಬರೂ ಹುಡುಕೋಣ’ ಅಂತ ನಿಮ್ಮಮ್ಮ ಕರೆಯುತ್ತಾಳೆ. ಕಾಯಿಲೆ ಅಂತ ಬುದ್ಧಿಗೆ ಗೊತ್ತಿದ್ದರೂ ಮನಸ್ಸಿಗೆ ನೋವಾಗುತ್ತದೆ. ಆದ್ದರಿಂದ ಅಜ್ಜಿ ಫೋನಿನಲ್ಲಿ ‘ಇವರು ನನಗೆ ಊಟವೇ ಕೊಡುವುದಿಲ್ಲ’ ಅಂದರೆ, ಆಮೇಲೆ ಅಮ್ಮನಿಗೆ ಫೋನ್ ಮಾಡಿ ‘ಏನಮ್ಮಾ ಅದು’ ಅಂತ ವಿಚಾರಣೆ ಮಾಡಬೇಡ. ನಿಮ್ಮ ಅತ್ತೆ ಹಾಗೆ ಮಾಡಿದಳು. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಅತ್ತೆಯದು ಇನ್ನೊಂದು ವಾದ ಇತ್ತು. ‘ನನ್ನ ಜೊತೆ ಚೆನ್ನಾಗೇ ಮಾತಾಡಿದಳಲ್ಲ, ವಯಸ್ಸಾಯಿತು, ಅರಳುಮರಳು ಅಷ್ಟೇ.’ ಹತ್ತು ನಿಮಿಷದ ಫೋನಿನಲ್ಲಿ ಅಜ್ಜಿ ಯಾರನ್ನು ಬೇಕಾದರೂ ನಂಬಿಸುತ್ತಾರೆ. ‘ಚೆನ್ನಾಗಿದ್ದೀಯಾ, ಊಟ ಆಯಿತಾ, ಮಕ್ಕಳು ಹೇಗಿದ್ದಾರೆ’ ಅನ್ನೋದಕ್ಕೆ ನೆನಪು ಬೇಕಾಗಿಲ್ಲ. ಆ ಉಪಚಾರದ ಮಾತು ತುಂಬಾ ದಿನ ಉಳಿಯುತ್ತದೆ. ಅತ್ತೆ ಬಂದು ಒಂದು ವಾರ ಇದ್ದು ಹೋದ ಮೇಲೆ ಆ ವಾದ ನಿಂತಿತು.

ನೀನು ಔಷಧಿ ಬಗ್ಗೆ ಕೇಳಿದ್ದೆ. ಶುರುವಿನಲ್ಲೇ ಬಿ12, ಥೈರಾಯ್ಡ್ ಎಲ್ಲ ನೋಡಿಸಿದೆವು, ಮಿದುಳಿನ ಸ್ಕ್ಯಾನ್ ಆಯಿತು. ಸರಿಮಾಡಬಹುದಾದ ಕಾರಣದಿಂದಲೂ ಮರೆವು ಬರುತ್ತದೆ, ಮನಸ್ಸು ಕುಗ್ಗಿದಾಗಲೂ ಬರುತ್ತದೆ. ಅಜ್ಜಿಯದು ಅದಲ್ಲ. ಈಗ ಕೊಡುತ್ತಿರುವ ಡೊನೆಪೆಜಿಲ್ ಅನ್ನೋ ಔಷಧಿ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಲಕ್ಷಣಗಳಿಗೆ ಸ್ವಲ್ಪ ಆಸರೆ ಅಷ್ಟೇ. ನೀನು ಕಳಿಸಿದ್ದ, ಲೆಕಾನೆಮ್ಯಾಬ್ ಅನ್ನೋ ಹೊಸ ಔಷಧಿಯ ಸುದ್ದಿ ಓದಿದೆ. 2023ರಲ್ಲಿ ಅಮೆರಿಕದಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿದ್ದು ನಿಜ. ಆದರೆ ಅದು ಕಾಯಿಲೆಯ ಮೊದಲ ಹಂತದಲ್ಲಿ ಇರುವವರಿಗೆ. ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತದೋ ಅಂತ ಎಂಆರ್‌ಐ ಮಾಡಿಸಿ ನೋಡುತ್ತಲೇ ಇರಬೇಕು. ಅಜ್ಜಿ ಆ ಹಂತ ದಾಟಿ ಆಗಿದೆ. ರಾತ್ರಿ ಗಲಾಟೆ ಮಾಡಿದರೆ ಮಂಪರಿನ ಮಾತ್ರೆ ಕೊಟ್ಟು ಮಲಗಿಸಿ ಅಂತ ಬಂದವರೆಲ್ಲ ಸಲಹೆ ಕೊಡುತ್ತಾರೆ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಇಂಥ ರೋಗಿಗಳಿಗೆ ಪಾರ್ಶ್ವವಾಯು, ಸಾವಿನ ಅಪಾಯವೇ ಹೆಚ್ಚುತ್ತದೆ. ಡಾಕ್ಟರು ಹೇಳದೆ ಒಂದನ್ನೂ ಮುಟ್ಟುವುದಿಲ್ಲ.

ಒಂದನ್ನು ನೀನು ನೆನಪಿಟ್ಟುಕೋ, ಬಂದಾಗ ಬೇಕಾಗುತ್ತದೆ. ಈ ಕಾಯಿಲೆ ನಿಧಾನವಾಗಿ ಹೆಚ್ಚುತ್ತದೆ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿ ಆದರೆ, ಇಲ್ಲದ್ದು ಕಂಡರೆ, ಅಥವಾ ಸುಮ್ನೆ ತೂಕಡಿಸುತ್ತಲೇ ಇದ್ದರೆ ಬೇರೇನೋ ಆಗಿದೆ ಅಂತಲೇ ಅರ್ಥ. ಮೂತ್ರದ ಸೋಂಕು ಇರಬಹುದು, ಮಲಬದ್ಧತೆ ಇರಬಹುದು, ನೀರು ಕಡಿಮೆ ಆಗಿರಬಹುದು, ಹೊಸ ಮಾತ್ರೆ ಒಗ್ಗದೆ ಇರಬಹುದು. ಜ್ವರ ಬಂದೇ ಬರಬೇಕು ಅಂತಿಲ್ಲ. ‘ಕಾಯಿಲೆ ಮುಂದಕ್ಕೆ ಹೋಯಿತು’ ಅಂತ ಕೈಕಟ್ಟಿ ಕೂರದೆ ಡಾಕ್ಟರ ಹತ್ತಿರ ಓಡಬೇಕು.

‘ಅಪ್ಪ, ನಿಮಗೂ ಬರುತ್ತಾ? ನನಗೂ?’ ಅಂತ ನೀನು ಬಾಯಿಬಿಟ್ಟು ಕೇಳಿಲ್ಲ. ನನಗೆ ಗೊತ್ತು, ತಲೆಯಲ್ಲಿ ಇದೆ. ತಂದೆತಾಯಿಯಿಂದ ನೇರವಾಗಿ ಇಳಿದು ಬರುವ ಬಗೆ ತೀರಾ ಅಪರೂಪ. ಅದು ಸಾಮಾನ್ಯವಾಗಿ 65 ವರ್ಷಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ಅಜ್ಜಿಗೆ ಬಂದದ್ದು ಎಂಬತ್ತರ ಹತ್ತಿರ. ನಮಗೆ ಅಪಾಯ ಸ್ವಲ್ಪ ಜಾಸ್ತಿ ಇರಬಹುದು, ಬಂದೇ ಬರುತ್ತದೆ ಅಂತೇನಿಲ್ಲ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ನಾವು ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ, ಕಿವಿ ಕೇಳದಿರುವುದು, ಹೀಗೆ. ಇವನ್ನೆಲ್ಲ ಸರಿಮಾಡಿದರೆ ಸುಮಾರು 45 ಶೇಕಡಾ ಮರೆವಿನ ಕಾಯಿಲೆಯನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಅನ್ನೋದು ಅವರ ಅಂದಾಜು. ನಾನು ಕಿವಿಗೆ ಮಿಷನ್ ಹಾಕಿಸಿಕೊಂಡೆ. ಇನ್ನು ಕೇಳಿಸಲಿಲ್ಲ ಅನ್ನೋ ಹಾಗಿಲ್ಲ ಅಂತ ನಿಮ್ಮಮ್ಮನಿಗೆ ನನಗಿಂತ ಖುಷಿ.

ಈಗ ನಿನ್ನ ಪಾಲು. ಸ್ನಾನಕ್ಕೆ, ಬಟ್ಟೆ ಬದಲಾಯಿಸೋದಕ್ಕೆ ಒಬ್ಬ ಹೆಂಗಸು ಬರುತ್ತಾರೆ. ಹೊರಗಿನವರ ಕೈಗೆ ಕೊಟ್ಟಿದ್ದೀರಲ್ಲ ಅಂತ ಆಡಿಕೊಳ್ಳುವವರಿಗೆ ಒಂದು ರಾತ್ರಿ ಬಂದಿರಿ ಅಂದೆ, ಯಾರೂ ಬರಲಿಲ್ಲ. ರಾತ್ರಿ ಪಾಳಿ ನನ್ನದು. ಹಗಲು ಹೆಚ್ಚಾಗಿ ನಿಮ್ಮಮ್ಮ. ಚಿಕ್ಕಪ್ಪ ದುಡ್ಡು ಕಳಿಸುತ್ತಾನೆ, ಅದೂ ಒಂದು ಹೊರೆಯೇ, ಸಣ್ಣದಲ್ಲ. ನೀನು ಬ್ಯಾಂಕು, ಇನ್ಶೂರೆನ್ಸು, ಔಷಧಿ ತರಿಸೋದು ಇವನ್ನು ತೆಗೆದುಕೋ. ಅಲ್ಲಿಂದಲೇ ಮಾಡಬಹುದು. ಅಜ್ಜಿಗೆ ತಿಳಿದು ಸಹಿ ಹಾಕುವ ಶಕ್ತಿ ಇದ್ದಾಗಲೇ ಮುಖ್ಯ ಕಾಗದಪತ್ರ ಮುಗಿಸಿದ್ದೇವೆ, ಹಾಗಾಗಿ ತಲೆನೋವು ಕಡಿಮೆ. ಆಮೇಲೆ, ಕೆಲವು ತಿಂಗಳಿಗೊಮ್ಮೆ ಒಂದು ವಾರ ಬಂದು ಇರು. ಆ ವಾರ ನಿಮ್ಮಮ್ಮ ಮನೆಯಲ್ಲಿ ಇರಬಾರದು. ಎಲ್ಲಿಗಾದರೂ ಹೋಗಿ ನಿದ್ದೆ ಮಾಡಿ ಬರಲಿ. ಫೋನ್ ಮಾಡಿದಾಗ ಮೊದಲು ‘ಅಜ್ಜಿ ಹೇಗಿದ್ದಾರೆ’ ಅನ್ನಬೇಡ, ‘ನೀನು ಹೇಗಿದ್ದೀಯಮ್ಮಾ’ ಅನ್ನು.

ನಮ್ಮಿಬ್ಬರ ಕೈಲೂ ಆಗದ ದಿನ ಬರಬಹುದು. ಆಗ ಅಜ್ಜಿಯನ್ನು ಇಂಥವರನ್ನೇ ನೋಡಿಕೊಳ್ಳುವ ಒಳ್ಳೆಯ ಜಾಗಕ್ಕೆ ಸೇರಿಸಬೇಕಾಗಬಹುದು. ನನಗೆ ಅದು ಇಷ್ಟವಿಲ್ಲ. ಆದರೂ ಈಗಲೇ ಹೇಳಿಡುತ್ತಿದ್ದೇನೆ, ಆ ಹೊತ್ತಿಗೆ ನೀನು ಕೆಲಸ ಬಿಟ್ಟು ಓಡಿ ಬರಬಾರದು, ನಿಮ್ಮಮ್ಮನನ್ನು ದೂರಲೂಬಾರದು.

ರಜೆ ಯಾವಾಗ ಸಿಗುತ್ತದೆ ತಿಳಿಸು. ಸಂಜೆ ತಲುಪುವ ಟಿಕೆಟ್ ಮಾಡಿಸಬೇಡ. ಬೆಳಿಗ್ಗೆ ಬಾ, ಆ ಹೊತ್ತಿನಲ್ಲಿ ಅಜ್ಜಿ ಚೆನ್ನಾಗಿರುತ್ತಾರೆ. ಇನ್ಶೂರೆನ್ಸ್ ಕಾಗದಗಳ ಫೋಟೋ ತೆಗೆದು ನಾಳೆ ಕಳಿಸುತ್ತೇನೆ, ಅಲ್ಲಿಂದ ಶುರುಮಾಡು.

ನಿನ್ನ ಅಪ್ಪ